ಹಿಂದಿನ ಸೀಟು, ಸ್ವಂತ ದೋಣಿ, ಕಯಾಕ್: ಬ್ಯಾಸ್ ಪಂದ್ಯಗಳಲ್ಲಿ ಮೂರನ್ನೂ ಹತ್ತಿ ಇಳಿದವನ ಲೆಕ್ಕ

ಬ್ಯಾಸ್ ಎಂಬ ಮೀನು ಹಿಡಿಯುವ ಪಂದ್ಯದ ಹಿಂದಿನ ಶುಕ್ರವಾರ ರಾತ್ರಿ ಒಂಬತ್ತರ ಸುಮಾರಿಗೆ ಮೊಬೈಲ್‌ಗೆ ಒಂದು ಪಟ್ಟಿ ಬರುತ್ತದೆ. ಎಡಗಡೆ ದೋಣಿ ಇರುವವರ ಹೆಸರು, ಬಲಗಡೆ ಇಲ್ಲದವರ ಹೆಸರು. ಚೀಟಿ ಎತ್ತಿ ಜೋಡಿ ಮಾಡಿರುತ್ತಾರೆ. ಭಾನುವಾರ ನಸುಕಿನಿಂದ ಎಂಟು ಗಂಟೆ ಯಾರ ಬೆನ್ನು ನೋಡುತ್ತ ಕೂರಬೇಕು ಎಂಬುದು ನನಗೆ ತಿಳಿಯುವುದು ಆಗಲೇ. ಜಾತಕ ನೋಡದೆ ಮಾಡಿದ ಮದುವೆ. ಆದರೆ ಮಧ್ಯಾಹ್ನ ಎರಡೂವರೆಗೆ ಬಿಡುಗಡೆ ಖಚಿತ.

ನಮ್ಮ ಕ್ಲಬ್ಬಿನ ಅಂಗಳ ಉತ್ತರ ಕ್ಯಾಲಿಫೋರ್ನಿಯಾದ ಡೆಲ್ಟಾ. ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಸೇರುವ ಕಡೆ ಒಡ್ಡು ಕಟ್ಟಿ ಮಾಡಿದ ದ್ವೀಪಗಳು, ಅವುಗಳ ನಡುವೆ ಸಾವಿರ ಮೈಲಿ ಎಂದು ಇಲ್ಲಿನವರು ಹೇಳುವ ಕಾಲುವೆಗಳ ಜಾಲ. ಹಿಡಿಯುವುದು ಲಾರ್ಜ್‌ಮೌತ್ ಬ್ಯಾಸ್: ಕಣ್ಣಿನಿಂದಾಚೆಗೂ ಸೀಳಿದ ಬಾಯಿ, ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ. ಐದು ಮೀನು, ಒಂದೊಂದೂ 12 ಇಂಚಿಗೆ ಕಡಿಮೆಯಿಲ್ಲದಂತೆ, ಜೀವಂತ ತಂದು ತೂಗಿಸಿ ನೀರಿಗೇ ಬಿಡಬೇಕು. ಸತ್ತ ಮೀನೊಂದಕ್ಕೆ ನಾಲ್ಕು ಔನ್ಸ್ ಕಡಿತ. ತಡವಾಗಿ ಬಂದರೆ ನಿಮಿಷಕ್ಕೆ ಒಂದು ಪೌಂಡ್ ಕಡಿತ, ಹದಿನೈದು ನಿಮಿಷ ದಾಟಿದರೆ ಆ ದಿನ ನೀವು ಬಂದೇ ಇಲ್ಲ.

ಹಿಡಿದದ್ದನ್ನು ಬಿಡುವ ಈ ಪದ್ಧತಿಯನ್ನು 1972ರಲ್ಲಿ ಬ್ಯಾಸ್ ಪಂದ್ಯಗಳಿಗೆ ತಂದವರು ರೇ ಸ್ಕಾಟ್. 1967ರಲ್ಲಿ ಅರ್ಕನ್ಸಾದ ಬೀವರ್ ಲೇಕ್‌ನಲ್ಲಿ ಪಂದ್ಯ ನಡೆಸಿ ಈ ಹುಚ್ಚಿಗೆ ಅಡಿಗಲ್ಲು ಹಾಕಿದವರೂ ಅವರೇ. ಇದನ್ನೆಲ್ಲ ತೀರ್ಥಹಳ್ಳಿಯ ಅಪ್ಪನಿಗೆ ವಿವರಿಸಿ ನಾನು ಸೋತಿದ್ದೇನೆ. ತುಂಗೆಯ ದಡದಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಲು ಕಲಿಸಿದವರು ಅವರು. "ಸಾರಿಗಾಗುವಷ್ಟು ಸಿಕ್ಕಿತೇನೋ?" ಎಂದು ಫೋನಿನಲ್ಲಿ ಕೇಳುತ್ತಾರೆ. ಬಿಟ್ಟು ಬಂದೆ ಎಂದರೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದಕ್ಕೆ ಅಷ್ಟು ದೂರ ಯಾಕೆ ಹೋದೆ? ಚಿಬ್ಬಲಗುಡ್ಡೆಗೆ ಹೋಗಿ ದೇವರ ಮೀನಿಗೆ ಮಂಡಕ್ಕಿ ಹಾಕಿ ಬಂದಿದ್ದರೆ ಆಗುತ್ತಿತ್ತಲ್ಲ."

ಇರಲಿ. ಕ್ಲಬ್ಬಿಗೆ ಸೇರಬೇಕೆಂದಿರುವ ಸ್ನೇಹಿತರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಇನ್ನೊಬ್ಬರ ದೋಣಿಯಲ್ಲಿ ಹಿಂದೆ ಕೂರುವುದೋ, ಸ್ವಂತ ದೋಣಿ ಕೊಳ್ಳುವುದೋ, ಒಬ್ಬರೇ ಕೂರುವ ಕಿರಿದಾದ ಪುಟ್ಟ ದೋಣಿಯಾದ ಕಯಾಕ್‌ನ ಪಂದ್ಯಗಳಿಗೆ ಹೋಗುವುದೋ? ನಾನು 2022ರಲ್ಲಿ ಮೊದಲನೆಯದು, 2023ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು ಮಾಡಿ ನೋಡಿದವನು.

ಹಿಂದಿನ ಸೀಟಿನ ಸಿದ್ಧತೆ ಒಂದು ಬಗೆಯ ಸಂನ್ಯಾಸ. ಐದು ಗಾಳದ ಕೋಲು, ಒಂದು ಚೀಲ, ಊಟದ ಡಬ್ಬಿ. ಎಲ್ಲಿಗೆ ಹೋಗುತ್ತೇವೆಂದು ತೀರ್ಮಾನಿಸುವವನು ನೀವಲ್ಲ. ಆದ್ದರಿಂದ ಶನಿವಾರ ನೀರಿಗಿಳಿದು ಅಭ್ಯಾಸ ಮಾಡಿದರೂ ಹೆಚ್ಚಿನ ಪ್ರಯೋಜನವಿಲ್ಲ. ಹಳೆಯ ದಾರ ತೆಗೆದು ಹೊಸದು ಸುತ್ತುವುದು, ಗಾಳದ ಮೊನೆ ಉಗುರಿನ ಮೇಲೆ ಎಳೆದು ಚೂಪು ನೋಡುವುದು, ಉಬ್ಬರವಿಳಿತದ ವೇಳಾಪಟ್ಟಿ ಓದುವುದು. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಮಗಳನ್ನು ಕನ್ನಡ ತರಗತಿಗೆ ಬಿಡಲು ಪುರುಸೊತ್ತು ಇದ್ದದ್ದು ಆ ಒಂದು ವರ್ಷ ಮಾತ್ರ. ಖರ್ಚೂ ಅಷ್ಟೇ: ಪ್ರವೇಶಕ್ಕೆ 40 ಡಾಲರ್, ದೋಣಿಯವರ ಪೆಟ್ರೋಲಿಗೆ ನನ್ನ ಪಾಲು 50.

ಕಷ್ಟವೆಲ್ಲ ನೀರಿನಲ್ಲಿ. ಮುಂದಿನವನು ಕಾಲಿನಿಂದ ವಿದ್ಯುತ್ ಮೋಟರು ತಿರುಗಿಸುತ್ತ ದಡದ ಒಂದೊಂದು ಪೊದೆಗೂ ಮೊದಲ ಗಾಳ ಹಾಕುತ್ತಾನೆ. ನಿಮ್ಮ ಪಾಲಿಗೆ ಬರುವುದು ಎಂಜಲು ನೀರು. ನನ್ನ ಮೂರನೆಯ ಪಂದ್ಯದಲ್ಲಿ ಜೋಡಿಯಾದವರು ನಿವೃತ್ತ ಎಲೆಕ್ಟ್ರಿಷಿಯನ್, ಎಪ್ಪತ್ತು ದಾಟಿದವರು. ಹೊರಟ ಜಾಗ ಫ್ರಾಂಕ್ಸ್ ಟ್ರ್ಯಾಕ್ಟ್. 1930ರ ದಶಕದಲ್ಲಿ ಒಡ್ಡು ಒಡೆದು ಮುಳುಗಿ ಈಗ ಕೆರೆಯಂತೆ ಹರಡಿಕೊಂಡಿರುವ ಹಳೆಯ ಹೊಲ. ಅದರ ಅಂಚಿನ ಕಾಲುವೆಯೊಂದರಲ್ಲಿ ಅಂತರಗಂಗೆ ಹಾಸಿಗೆಯಂತೆ ಬೆಳೆದಿತ್ತು. ಹೌದು, ಬೆಂಗಳೂರಿನ ಕೆರೆಗಳ ಉಸಿರು ಕಟ್ಟಿಸಿದ ಅದೇ ನೇರಳೆ ಹೂವಿನ ಕಳೆ. ದಕ್ಷಿಣ ಅಮೆರಿಕದಿಂದ ಹೊರಟು ಎರಡೂ ಊರಿಗೆ ಬಂದದ್ದು. ಬೆಂಗಳೂರಿನಲ್ಲಿ ಅದನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಿದ್ದ ನಾನು ಇಲ್ಲಿ ಅದನ್ನು ಕಂಡರೆ ಹಿಗ್ಗುತ್ತೇನೆ, ಏಕೆಂದರೆ ಅದರಡಿಯ ನೆರಳಿನಲ್ಲಿ ದೊಡ್ಡ ಬ್ಯಾಸ್ ನಿಂತಿರುತ್ತದೆ. ಮುದುಕರು ಒಂದೂವರೆ ಔನ್ಸಿನ ಟಂಗ್‌ಸ್ಟನ್ ಗುಂಡು ಕಟ್ಟಿದ ದಪ್ಪ ಹೆಣೆದ ದಾರವನ್ನು ಆ ಹಾಸಿಗೆಯ ಮೇಲೆ ಎತ್ತಿ ಬಿಡುತ್ತಿದ್ದರು. ಗುಂಡು ಎಲೆ ಸೀಳಿ ಬುಳಕ್ಕನೆ ಇಳಿಯಿತೋ ಇಲ್ಲವೋ, ಕೋಲು ಬಗ್ಗುತ್ತಿತ್ತು. ಹತ್ತು ಗಂಟೆಗೆ ಅವರಿಗೆ ಮೂರು, ನನಗೆ ಸೊನ್ನೆ. ನಾನೂ ಅದೇ ಗುಂಡು ಕಟ್ಟಿ ಅವರು ಮಾಡಿದ ತೂತುಗಳಲ್ಲೇ ಇಳಿಸುತ್ತಿದ್ದೆ.

ಅವರು ತಿರುಗಿ ನೋಡದೆಯೇ ಹೇಳಿದರು: "ನಾನು ಹಾಕಿದ ಕಡೆ ಹಾಕಬೇಡ. ನಾನು ನೋಡದ ಕಡೆ ಹಾಕು."

ಅವರು ನೋಡದ ಕಡೆ ಎಂದರೆ ದೋಣಿಯ ಇನ್ನೊಂದು ಮಗ್ಗುಲು, ಕಾಲುವೆಯ ನಡುಭಾಗ. ಮೇಲೆ ಏನೂ ಕಾಣದಿದ್ದರೂ ಎಂಟು ಅಡಿ ಕೆಳಗೆ ಮುಳುಗಿದ ಕಳೆಯ ಅಂಚು ಇತ್ತು. ಗುಂಡು ಬಿಚ್ಚಿ ಡ್ರಾಪ್ ಶಾಟ್ ಕಟ್ಟಿದೆ. ಜಪಾನಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಪಟ್ಟು ಇದು: ತೂಕ ದಾರದ ತುದಿಯಲ್ಲಿ, ಗಾಳ ಅದಕ್ಕಿಂತ ಒಂದು ಗೇಣು ಮೇಲೆ, ಅದರಲ್ಲಿ ಬೆರಳುದ್ದದ ರಬ್ಬರ್ ಹುಳು. ತೂಕ ತಳದಲ್ಲಿ ಕೂತಿರುತ್ತದೆ, ಹುಳು ಮಾತ್ರ ನಿಂತಲ್ಲೇ ನಡುಗುತ್ತದೆ. ಮೀನು ಕಚ್ಚಿದಾಗ ಎಳೆತ ಬರುವುದಿಲ್ಲ. ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ದಾರ ಸುಮ್ಮನೆ ಭಾರವಾಗುತ್ತದೆ, ಅಷ್ಟೇ. ಆ ಭಾರವನ್ನು ಗುರುತಿಸಲು ನನಗೆ ಎರಡು ಮೀನು ಕಳೆದುಕೊಳ್ಳಬೇಕಾಯಿತು. ಮೂರನೆಯದು ದೋಣಿಗೆ ಬಂತು. ಸಂಜೆಗೆ ನನ್ನ ಐದು ಮೀನು 9.2 ಪೌಂಡ್, ಅವರದು 15ರ ಹತ್ತಿರ. ಅವರ ಮುಂದೆ ಅದು ಏನೂ ಅಲ್ಲ, ಆದರೆ ಆ ಒಂದು ಮಾತಿನಿಂದ ಕಲಿತದ್ದನ್ನು ನೂರು ವಿಡಿಯೊ ನೋಡಿ ಕಲಿತಿರಲಿಲ್ಲ.

ಎಲ್ಲರೂ ಅಂಥವರಲ್ಲ. ಒಬ್ಬ ಎಂಟು ಗಂಟೆಯೂ ತನ್ನ ವಿಚ್ಛೇದನದ ಕಥೆ ಹೇಳಿದ. ಇನ್ನೊಬ್ಬ ದೋಣಿಯ ಮೂತಿಯನ್ನು ದಡಕ್ಕೆ ನೇರ ಹಿಡಿದು, ನನ್ನ ಪಾಲಿಗೆ ಬರೀ ಬಟಾಬಯಲು ನೀರು ಬಿಟ್ಟ. ಕೇಳಿದರೆ ಗಾಳಿ ಎಂದ. ಎಲೆಯೂ ಅಲುಗದ ದಿನ ಅದು. ಹಿಂದಿನ ಸೀಟಿನ ನಿಜವಾದ ದೋಷ ಇದು: ನಿಮ್ಮ ಅದೃಷ್ಟ ಇನ್ನೊಬ್ಬನ ಸ್ವಭಾವಕ್ಕೆ ಕಟ್ಟಿಹಾಕಲ್ಪಟ್ಟಿರುತ್ತದೆ. ಆ ಸಿಟ್ಟಿನಲ್ಲೇ ನಾನು ದೋಣಿ ಕೊಂಡದ್ದು.

ಹದಿನೇಳು ಅಡಿಯ ಅಲ್ಯೂಮಿನಿಯಂ ದೋಣಿ, 60 ಅಶ್ವಶಕ್ತಿಯ ಎಂಜಿನ್, ಬಳಸಿದ್ದು, 9,800 ಡಾಲರ್. ಆಮೇಲೆ ಶುರುವಾಯಿತು ಮೂಗಿಗಿಂತ ಮೂಗುತಿ ಭಾರದ ಕಥೆ. ಬ್ಯಾಟರಿ ಮೂರು, ಟ್ರೇಲರಿನ ಟೈರು ಎರಡು, ವಿಮೆ, ನೋಂದಣಿ, ಬೆಂಕಿ ಆರಿಸುವ ಸಿಲಿಂಡರು. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ದೋಣಿ ನಡೆಸಲು ಪರೀಕ್ಷೆ ಬರೆದು ಪಡೆಯುವ ಕಾರ್ಡು ಬೇಕು. 2025ರಿಂದ ಎಲ್ಲ ವಯಸ್ಸಿನವರಿಗೂ. ಮೀನು ಹಿಡಿಯುವ ಲೈಸೆನ್ಸು ಬೇರೆ, ಅದು ಕಯಾಕಿನವನಿಗೂ ತಪ್ಪದು. ನನ್ನ ಹೆಂಡತಿ ಒಂದು ದಿನ ರಸೀದಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು, "ಒಂದು ಮೀನಿಗೆ ಎಷ್ಟು ಬಿತ್ತು ನೋಡಿ" ಎಂದಳು. ನಾನು ನೋಡಲಿಲ್ಲ.

ಮೊದಲ ಪಂದ್ಯದ ಬೆಳಿಗ್ಗೆ ಇಳಿಜಾರಿನಲ್ಲಿ ಟ್ರೇಲರನ್ನು ಹಿಂದಕ್ಕೆ ಬಿಟ್ಟು ದೋಣಿಯನ್ನು ನೀರಿಗೆ ಇಳಿಸಿದೆ. ನನ್ನ ಹಿಂದೆ ಇನ್ನೂ ಹನ್ನೆರಡು ವಾಹನಗಳ ಸಾಲು, ಎಲ್ಲರ ದೀಪವೂ ನನ್ನ ಮೇಲೆ. ಕಾರು ನಿಲ್ಲಿಸಿ ಬರುವಷ್ಟರಲ್ಲಿ ದೋಣಿಯ ಹಿಂಭಾಗ ನೀರಿನ ಮಟ್ಟಕ್ಕೆ ಬಂದಿತ್ತು, ಪೆಟ್ರೋಲ್ ಡಬ್ಬಿ ಒಳಗೇ ತೇಲುತ್ತಿತ್ತು. ಒಳಗೆ ನಿಂತ ನೀರು ಹರಿದುಹೋಗಲೆಂದು ಇರುವ ತಳದ ತೂತಿಗೆ ಬಿರಡೆ ಹಾಕಿರಲಿಲ್ಲ. ಹೆಬ್ಬೆಟ್ಟಿನಷ್ಟು ದೊಡ್ಡ ಹಿತ್ತಾಳೆ ಬಿರಡೆ, ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಯಾರೂ ನಗಲಿಲ್ಲ. ಆಮೇಲೆ ಗೊತ್ತಾಯಿತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಮ್ಮೆ ಇದನ್ನೇ ಮಾಡಿದವರು.

ಸ್ವಂತ ದೋಣಿಯ ಸಿದ್ಧತೆ ಎಂದರೆ ಇಡೀ ಶನಿವಾರ. ಅಂದು ನೀರಿಗಿಳಿದು ಹುಡುಕಬೇಕು. ಕಚ್ಚಿದ ಮೀನನ್ನು ಪೂರ್ತಿ ಎಳೆಯದೆ ಕೋಲು ಸಡಿಲಿಸಿ ಬಿಡಬೇಕು, ನಾಳೆಗೆ ಉಳಿಯಲಿ ಎಂದು. ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಬೇಕು. ಬೇಸಿಗೆಯಾದರೆ, ಹಿಡಿದ ಮೀನನ್ನು ಜೀವಂತ ಇಡುವ ದೋಣಿಯ ತೊಟ್ಟಿಗೆ ಹಾಕಲು ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಬೇಕು. ಇಷ್ಟೆಲ್ಲ ಮಾಡಿ ಭಾನುವಾರ ಮುಂದೆ ನಿಂತರೆ, ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಕಾಲು ಮೋಟರಿನ ಮೇಲೆ, ಕಣ್ಣು ನೀರಡಿಯದನ್ನು ತೋರಿಸುವ ಸೋನಾರ್ ಪರದೆಯ ಮೇಲೆ, ಮನಸ್ಸು ಎಂಜಿನ್ನಿನ ಸದ್ದಿನ ಮೇಲೆ. ಕೋಲಿಗೆ ಉಳಿಯುವುದು ಬರೀ ಕೈ. ಎರಡು ಪಂದ್ಯಗಳಲ್ಲಿ ನನ್ನ ದೋಣಿಯ ಹಿಂದೆ ಕೂತವನೇ ನನಗಿಂತ ಹೆಚ್ಚು ತೂಗಿಸಿದ. ಒಮ್ಮೆ ಮರಳುವಾಗ ಎಂಜಿನ್ನಿನ ನೀರಿನ ಕಿಂಡಿಗೆ ಕಳೆ ಸಿಕ್ಕು, ಬಿಸಿಯಾಗಿ ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಬಗ್ಗಿ ಕಳೆ ಕಿತ್ತು ಬರುವಷ್ಟರಲ್ಲಿ ಮೂರು ನಿಮಿಷ ತಡ. ಮೂರು ಪೌಂಡ್ ಹೋಯಿತು. ನನ್ನದಷ್ಟೇ ಅಲ್ಲ, ಹಿಂದೆ ಕೂತಿದ್ದವನದೂ. ಅವನು ಏನೂ ಅನ್ನಲಿಲ್ಲ, ಅದೇ ಕಷ್ಟವಾದದ್ದು.

ಹಾಗಾದರೆ ದೋಣಿ ದಂಡವೇ? ಅಲ್ಲ. ಡೆಲ್ಟಾದಲ್ಲಿ ಉಬ್ಬರವಿಳಿತ ಬರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಯಿಂದ. ಪಶ್ಚಿಮದಲ್ಲಿ ನೀರು ತಳ ಮುಟ್ಟಿದಾಗ ಪೂರ್ವದ ಸ್ಟಾಕ್‌ಟನ್ ಕಡೆ ಇನ್ನೂ ಇಳಿಯುತ್ತಲೇ ಇರುತ್ತದೆ. ನೀರು ಇಳಿಯುವಾಗ ಜೊಂಡಿನೊಳಗಿದ್ದ ಮೀನು ಅಂಚಿಗೆ ಬಂದು ನಿಲ್ಲುತ್ತದೆ. ಆ ಒಂದೆರಡು ಗಂಟೆಯೇ ಸುಗ್ಗಿ. ಎಂಜಿನ್ ಇದ್ದವನು ಆ ಸುಗ್ಗಿಯ ಬೆನ್ನು ಹತ್ತಿ ಪಶ್ಚಿಮದಿಂದ ಪೂರ್ವಕ್ಕೆ ಓಡಬಹುದು. ಸೆಪ್ಟೆಂಬರಿನ ಒಂದು ಪಂದ್ಯದಲ್ಲಿ ಬೆಳಿಗ್ಗೆ ಶರ್ಮನ್ ದ್ವೀಪದ ಬಳಿ, ಹನ್ನೊಂದಕ್ಕೆ ಮಿಡಲ್ ನದಿಯಲ್ಲಿ, ಎರಡು ಬಾರಿ ಅದೇ ಇಳಿತ ಹಿಡಿದು 14.6 ಪೌಂಡ್ ತಂದೆ. ಮೂರನೆಯ ಸ್ಥಾನ. ಆ ಓಟದ ರುಚಿ ಬೇರೆ ಯಾವುದರಲ್ಲೂ ಇಲ್ಲ. ಆದರೆ ವರ್ಷಕ್ಕೆ ಒಂದೇ ಸಲ ಬಂದ ರುಚಿ. ಒಟ್ಟು ಏಳು ಪಂದ್ಯಗಳ ಸರಾಸರಿ ನೋಡಿದರೆ ದೋಣಿಯಲ್ಲಿ 6.8 ಪೌಂಡ್, ಹಿಂದಿನ ವರ್ಷ ಹಿಂದಿನ ಸೀಟಿನಲ್ಲಿ 7.5.

ಮತ್ತೊಂದು ಹೊಡೆತ 2024ರ ಅಕ್ಟೋಬರಿನಲ್ಲಿ ಬಿತ್ತು. ಸ್ಟಾಕ್‌ಟನ್ ಬಂದರಿನಲ್ಲಿ ಗೋಲ್ಡನ್ ಮಸೆಲ್ ಎಂಬ ಏಷ್ಯಾದ ಪುಟ್ಟ ಕಪ್ಪೆಚಿಪ್ಪು ಕಂಡುಬಂತು; ಉತ್ತರ ಅಮೆರಿಕದಲ್ಲೇ ಮೊದಲ ಸಲ. ಪೈಪು, ಪಂಪು, ದೋಣಿಯ ತಳ, ಎಲ್ಲಕ್ಕೂ ಅಂಟಿ ಬೆಳೆಯುವ ಜಾತಿ. ಆಮೇಲೆ ಎಷ್ಟೋ ಜಲಾಶಯಗಳು ಹೊರಗಿನ ದೋಣಿಗಳಿಗೆ ತಪಾಸಣೆ, ದಿನಗಟ್ಟಲೆ ಕಾಯುವಿಕೆ, ನಿಷೇಧ ಎಂದೆಲ್ಲ ಬಾಗಿಲು ಹಾಕಿದವು. ಸ್ವಂತ ದೋಣಿಯ ಮುಖ್ಯ ಆಕರ್ಷಣೆಯೇ ಇವತ್ತು ಇಲ್ಲಿ, ಮುಂದಿನ ತಿಂಗಳು ಇನ್ನೊಂದು ಕೆರೆಯಲ್ಲಿ ಎಂಬುದು. ಅದರ ಕಾಲು ಮುರಿಯಿತು.

ಅಷ್ಟರಲ್ಲಿ ನಾನು ಕಾಲಿನಿಂದ ತುಳಿಯುವ ಕಯಾಕ್ ಕೊಂಡಾಗಿತ್ತು, 2,300 ಡಾಲರಿಗೆ. ಇದು ಬೇರೆಯೇ ಆಟ. ತೂಕವಿಲ್ಲ, ತೊಟ್ಟಿಯಿಲ್ಲ. ಮೀನನ್ನು ಅಳತೆ ಹಲಗೆಯ ಮೇಲೆ ಮಲಗಿಸಿ, ಬಾಯಿ ಮುಚ್ಚಿ, ಮೂತಿಯನ್ನು ಹಲಗೆಯ ತಡೆಗೆ ತಾಗಿಸಿ, ಆ ದಿನದ ಗುರುತಿನ ಚೀಟಿ ಕಾಣುವಂತೆ ಫೋಟೊ ತೆಗೆದು ಅಲ್ಲೇ ಬಿಡಬೇಕು. ಐದು ಮೀನಿನ ಉದ್ದ ಕೂಡಿಸುತ್ತಾರೆ, ಕಾಲು ಇಂಚಿನ ಲೆಕ್ಕದಲ್ಲಿ. ಮೀನಿಗೆ ಇದೇ ಒಳ್ಳೆಯದು. ಜುಲೈ ಬಿಸಿಲಿನಲ್ಲಿ ಆರು ಗಂಟೆ ತೊಟ್ಟಿಯಲ್ಲಿ ಸುತ್ತುವುದಕ್ಕಿಂತ ಒಂದು ನಿಮಿಷದ ಫೋಟೊ ಮೇಲು. ಮನುಷ್ಯನಿಗೆ ಮಾತ್ರ ಪರೀಕ್ಷೆ. ಮಂಡಿಯ ಮೇಲೆ ಹಲಗೆ, ಎಡಗೈಯಲ್ಲಿ ಲೋಳೆಲೋಳೆಯ ಮೀನು, ಬಲಗೈಯಲ್ಲಿ ಒದ್ದೆ ಮೊಬೈಲು, ಅದು ಬೆರಳಚ್ಚು ಒಪ್ಪುವುದಿಲ್ಲ. ಡೆಲ್ಟಾದ ಬಿಗ್ ಬ್ರೇಕ್ ಎಂಬಲ್ಲಿ ನಾನು ಹಿಡಿದ ಅತಿ ಉದ್ದದ ಮೀನು 20 ಇಂಚಿನ ಗೆರೆ ಮುಟ್ಟಿ ಮಲಗಿತ್ತು. ನಾನು ಫೋಟೊ ಒತ್ತಿದ ಕ್ಷಣವೇ ಬಾಲ ಬಡಿಯಿತು. ಚಿತ್ರದಲ್ಲಿ ಉಳಿದದ್ದು ಹಲಗೆ, ಗುರುತಿನ ಚೀಟಿ, ನನ್ನ ತೆರೆದ ಬಾಯಿ. ಚಿತ್ರವನ್ನು ಈಗಲೂ ಅಳಿಸಿಲ್ಲ.

ಕಯಾಕಿನ ಸಿದ್ಧತೆ ನಕ್ಷೆಯ ಮುಂದೆ ಕೂರುವುದು. ಎರಡು ಮೈಲಿಗಿಂತ ದೂರ ಹೋಗಲಾಗದು, ಹಾಗಾಗಿ ಎಲ್ಲಿ ಇಳಿಯುತ್ತೀರೋ ಅದೇ ನಿಮ್ಮ ಹಣೆಬರಹ. ಇಳಿತವನ್ನು ಅಟ್ಟಿಸಿಕೊಂಡು ಹೋಗುವಂತಿಲ್ಲ. ಅದು ಬರುವ ತನಕ ಕಾಯಬೇಕು. ಕಾದಾಗಲೇ ಕಂಡದ್ದು: ನೀರು ತಿರುಗುವ ಹತ್ತು ನಿಮಿಷ ಮುಂಚೆ ಜೊಂಡಿನ ಬುಡದಲ್ಲಿ ಸಣ್ಣ ಮೀನುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ದೋಣಿಯಲ್ಲಿ ಎಪ್ಪತ್ತು ಸಲ ಅದರ ಪಕ್ಕದಲ್ಲೇ ಸದ್ದು ಮಾಡುತ್ತ ಹಾದುಹೋಗಿದ್ದೆ. ಆ ವರ್ಷದ ನನ್ನ ಉತ್ತಮ ಮೊತ್ತ 78.5 ಇಂಚು, ಎಲ್ಲವೂ ಒಂದೇ ಜೊಂಡಿನ ಸಾಲಿನಿಂದ. ಕೊರತೆ ಎಂದರೆ ಗಾಳಿ. ಬೇಸಿಗೆಯ ಮಧ್ಯಾಹ್ನ ಪಶ್ಚಿಮದಿಂದ ಏಳುವ ಡೆಲ್ಟಾ ಗಾಳಿಗೆ ಎದುರಾಗಿ ತುಳಿಯುತ್ತ ದಡ ಸೇರುವಾಗ ತೊಡೆಗಳು ನನ್ನವೇ ಎಂದು ಅನ್ನಿಸುವುದಿಲ್ಲ. ಜೊತೆಗೆ ಒಂಟಿತನ. ಮೊಬೈಲಿನಲ್ಲಿ ಎಲ್ಲರ ಅಂಕ ಏರುವುದು ಕಾಣುತ್ತದೆ, ಮಾತಾಡಲು ಮಾತ್ರ ಯಾರೂ ಇಲ್ಲ.

ಕೇಳಿದವರಿಗೆ ನಾನೀಗ ಹೇಳುವುದು: ಮೊದಲ ಎರಡು ವರ್ಷ ಹಿಂದೆ ಕೂರಿ, ಜೊತೆಗೆ ಕೈಲಾದರೆ ಒಂದು ಕಯಾಕ್ ಇಟ್ಟುಕೊಳ್ಳಿ. ಗ್ಯಾರೇಜು, ಬಿಡುವು ಮತ್ತು ಎಂಜಿನ್ ರಿಪೇರಿಯ ಖಯಾಲಿ, ಮೂರೂ ಇರುವವರಿಗೆ ಮಾತ್ರ ದೋಣಿ. ನನಗೆ ಮೂರರಲ್ಲಿ ಒಂದೂ ಇರಲಿಲ್ಲ.

ದೋಣಿಯನ್ನು ಕಳೆದ ಫೆಬ್ರವರಿಯಲ್ಲಿ ಒಬ್ಬ ಹುಡುಗನಿಗೆ ಮಾರಿದೆ. ಕೀಲಿ ಕೊಡುವ ಮುಂಚೆ ಬಿರಡೆಯನ್ನು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದೆ. ಅವನೂ ನಮ್ಮ ಕ್ಲಬ್ಬಿಗೇ ಸೇರಿದ. ಹೋದ ತಿಂಗಳ ಪಟ್ಟಿಯಲ್ಲಿ ಎಡಗಡೆ ಅವನ ಹೆಸರು, ಬಲಗಡೆ ನನ್ನದು. ನಸುಕಿನಲ್ಲಿ ಇಳಿಜಾರಿನ ಬಳಿ ನಿಂತು, "ಬಿರಡೆ?" ಎಂದೆ. ಬಗ್ಗಿ ತಟ್ಟಿ ತೋರಿಸಿದ. ಆ ದಿನ ಅವನು ಮುಂದೆ ನಿಂತು ಪರದೆ ನೋಡುತ್ತಿದ್ದ. ನಾನು ಹಿಂದೆ ಕೂತು, ಅವನು ನೋಡದ ಕಡೆ ಹಾಕುತ್ತ, 11.3 ಪೌಂಡ್ ತೂಗಿಸಿದೆ.