ಸಿಸಿಲಿ ಸುತ್ತಲು ರೈಲೋ, ಬಸ್ಸೋ?

ಇಟಲಿಗೆ ಸೇರಿದ, ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪವಾದ ಸಿಸಿಲಿಯಲ್ಲಿ ಹತ್ತೊಂಬತ್ತು ದಿನ ಬೆನ್ನಿಗೆ ಚೀಲ ಹೊತ್ತು ಅಲೆಯಲು ಹೊರಟಾಗ, ಊಟ, ವಸತಿ, ಪ್ರಯಾಣ ಎಲ್ಲ ಸೇರಿ ದಿನಕ್ಕೆ 45 ಯೂರೊ ಮೀರಬಾರದೆಂದು ಲೆಕ್ಕ ಹಾಕಿಕೊಂಡಿದ್ದೆ. ಬಾಡಿಗೆ ಕಾರಿನ ಮಾತು ಅಲ್ಲಿಗೇ ಮುಗಿಯಿತು. ಉಳಿದವು ಎರಡು: ಊರೂರಿಗೂ ನಿಲ್ಲುತ್ತ ಸಾಗುವ ಪ್ರಾದೇಶಿಕ ರೈಲು ಮತ್ತು ಬೇರೆ ಬೇರೆ ಕಂಪನಿಗಳು ಓಡಿಸುವ ಬಸ್ಸು. ಸಾಧ್ಯವಾದ ಕಡೆಯೆಲ್ಲ ಹೋಗುವಾಗ ಒಂದನ್ನು, ಬರುವಾಗ ಇನ್ನೊಂದನ್ನು ಹಿಡಿದು ನೋಡಿದೆ.

ಟಿಕೆಟ್ ದರ ನೋಡಿ ತೀರ್ಮಾನಿಸುವ ಹಾಗಿಲ್ಲ. ದ್ವೀಪದ ರಾಜಧಾನಿ ಪಲೆರ್ಮೊದಿಂದ ಪೂರ್ವ ಕರಾವಳಿಯ ಕತಾನಿಯಾಕ್ಕೆ ಎರಡರಲ್ಲೂ ಹೆಚ್ಚುಕಡಿಮೆ 15 ಯೂರೊ. ಪ್ರಾದೇಶಿಕ ರೈಲಿನ ದರ ದೂರಕ್ಕೆ ತಕ್ಕಂತೆ ನಿಗದಿಯಾಗಿರುವುದರಿಂದ ತಿಂಗಳ ಮೊದಲು ಕೊಂಡರೂ ಹೊರಡುವ ಹೊತ್ತಿಗೆ ಕೊಂಡರೂ ಒಂದೇ. ಈ ದಾರಿಯಲ್ಲಿ ಬಸ್ಸು ಮೂರು ಗಂಟೆಯೊಳಗೆ ತಲುಪುತ್ತದೆ, ರೈಲು ಮೂರು ಗಂಟೆ ದಾಟುತ್ತದೆ. ಜೊತೆಗೆ ಜೋಡಿಹಳಿ ಕಾಮಗಾರಿ ನಡೆಯುತ್ತಿರುವುದರಿಂದ ರೈಲು ಪೂರ್ತಿ ಓಡುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಪಲೆರ್ಮೊದಲ್ಲಂತೂ ಬಸ್ ನಿಲ್ದಾಣ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಯಾವುದನ್ನೇ ಹಿಡಿದರೂ ಹತ್ತಿರದ ಬಲ್ಲಾರೊ ಸಂತೆಯಲ್ಲಿ ಬುತ್ತಿ ಕಟ್ಟಿಸಿಕೊಳ್ಳಬಹುದು. ಕಡಲೆಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ತುಂಡು ಮಾಡಿ ಎಣ್ಣೆಯಲ್ಲಿ ಕರಿದು ಬನ್ನಿನೊಳಗಿಟ್ಟು ಕೊಡುವ 'ಪನೆಲ್ಲೆ', ಸಸ್ಯಾಹಾರಿಗೆ ಮೂರು ಯೂರೊ ಆಸುಪಾಸಿನಲ್ಲಿ ಒಂದು ಹೊತ್ತಿನ ಊಟ. ಮೊದಲ ತುತ್ತಿಗೇ ಬಜ್ಜಿಯ ನೆನಪಾಗುತ್ತದೆ. ನಿಂಬೆರಸ ಹಿಂಡಿಕೊಂಡರೂ ಕೈ ಮಾತ್ರ ಚಟ್ನಿ ಹುಡುಕುತ್ತದೆ.

ನಿಜವಾದ ವ್ಯತ್ಯಾಸ ಇರುವುದು ನಿಲ್ದಾಣ ಎಲ್ಲಿದೆ ಎಂಬುದರಲ್ಲಿ. ದ್ವೀಪದ ಮೊದಲ ರೈಲು 1863ರಲ್ಲಿ ಪಲೆರ್ಮೊ ಮತ್ತು ಬಗೆರಿಯಾ ನಡುವೆ ಓಡಿತು. ಮುಂದೆ ಒಳನಾಡಿಗೆ ಹಳಿ ಹಾಕುವಾಗ ಗಂಧಕದ ಗಣಿಗಳ ಸರಕನ್ನು ಬಂದರಿಗೆ ಇಳಿಸುವುದು ದೊಡ್ಡ ಉದ್ದೇಶವಾಗಿದ್ದರಿಂದ ರೈಲು ಕಣಿವೆಯ ಜಾಡು ಹಿಡಿಯಿತು. ಊರುಗಳಾದರೋ ಶತ್ರುಗಳ ಕಾಟಕ್ಕೆ ಹೆದರಿ ಶತಮಾನಗಳ ಹಿಂದೆಯೇ ಬೆಟ್ಟದ ನೆತ್ತಿ ಸೇರಿಕೊಂಡಿದ್ದವು.

ಇದನ್ನು ನಾನು ಎನ್ನಾದಲ್ಲಿ ಕಾಲಿನಿಂದ ಕಲಿತೆ. ಆ ಊರು ಸಮುದ್ರಮಟ್ಟದಿಂದ 930 ಮೀಟರ್ ಎತ್ತರದಲ್ಲಿದೆ. ರೈಲು ಬಿಡುವುದು ಸುಮಾರು ಐದು ಕಿಲೋಮೀಟರ್ ಕೆಳಗೆ, ಕಣಿವೆಯಲ್ಲಿ. ಇಳಿದವನು ನಾನೊಬ್ಬನೇ. ಟಿಕೆಟ್ ಕಿಟಕಿ ಮುಚ್ಚಿತ್ತು, ಊರಿಗೆ ಹೋಗುವ ಬಸ್ಸಿನ ಸುಳಿವಿರಲಿಲ್ಲ. ಹನ್ನೊಂದು ಕಿಲೋ ಚೀಲ ಹೊತ್ತು ತಿರುವಿನ ಮೇಲೆ ತಿರುವು ಹತ್ತುತ್ತಿದ್ದಾಗ ತರಕಾರಿ ಪೆಟ್ಟಿಗೆ ತುಂಬಿದ್ದ ಮೂರು ಚಕ್ರದ ಗಾಡಿಯೊಂದು ನಿಂತಿತು. ನಮ್ಮಲ್ಲಿ ಎಪಿಎಂಸಿ ಮುಂದೆ ಸಾಲುಗಟ್ಟಿ ನಿಲ್ಲುವ ಅದೇ ಆಪೆ! ಓಡಿಸುತ್ತಿದ್ದ ಮುದುಕರು ಮಾತಿಲ್ಲದೆ ಹಿಂದಕ್ಕೆ ಕೈ ತೋರಿಸಿದರು. ಎರಡು ಪೆಟ್ಟಿಗೆಗಳ ನಡುವೆ ಮಂಡಿ ಮಡಚಿ ಕುಳಿತು ಊರು ಸೇರಿದೆ. ಮರುದಿನ ಕತಾನಿಯಾಕ್ಕೆ ಹೊರಟಾಗ ಬಸ್ಸು ಊರಿನಿಂದಲೇ ಹತ್ತಿಸಿಕೊಂಡಿತು.

ತಾವೊರ್ಮಿನಾದ್ದೂ ಇದೇ ಕಥೆ. ರೈಲು ನಿಲ್ದಾಣ ಸಮುದ್ರದ ಅಂಚಿನಲ್ಲಿದೆ, ನೋಡಲು ಬಲು ಚೆಂದ. ಆದರೆ ಊರು ಇನ್ನೂರು ಮೀಟರ್ ಮೇಲಿರುವುದರಿಂದ ಇನ್ನೊಂದು ಬಸ್ಸಿಗೆ ಮತ್ತೆ ದುಡ್ಡು ಕೊಡಬೇಕು. ಕತಾನಿಯಾದಿಂದ ನೇರ ಬಸ್ಸೇ ಲೇಸು. ತ್ರಾಪನಿಗೆ ಹೋಗುವವರು ರೈಲನ್ನು ಮರೆತುಬಿಡಬಹುದು: ಪಲೆರ್ಮೊ ಕಡೆಯ ನೇರ ಹಳಿ 2013ರಲ್ಲಿ ಭೂಕುಸಿತದಿಂದ ಮುಚ್ಚಿದ್ದು ನಾನು ಹೋದಾಗಲೂ ತೆರೆದಿರಲಿಲ್ಲ, ಸುತ್ತುದಾರಿಯ ರೈಲು ಬಸ್ಸಿನ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು.

ಕರಾವಳಿಯಲ್ಲಿ ಮಾತ್ರ ರೈಲಿಗೆ ಸಾಟಿಯಿಲ್ಲ. ಪಲೆರ್ಮೊದಿಂದ ಚೆಫಲುವಿಗೆ ಒಂದು ಗಂಟೆಯೊಳಗೆ, ಕಿಟಕಿಯಾಚೆ ಸಮುದ್ರ ನೋಡುತ್ತ ತಲುಪಬಹುದು. ಕತಾನಿಯಾ ವಿಮಾನ ನಿಲ್ದಾಣದ ಹತ್ತಿರ 2021ರಿಂದ ರೈಲು ನಿಲ್ಲುತ್ತಿರುವುದರಿಂದ ಸಿರಾಕೂಸಾ ಕಡೆಗೆ ಹೋಗಲೂ ಅನುಕೂಲ.

ಬಸ್ಸು ನನಗೆ ಕೈಕೊಟ್ಟದ್ದು ಅಗ್ರಿಜೆಂತೊದಲ್ಲಿ, ಅದೂ ಭಾನುವಾರ. ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಎಂದಿದ್ದುದನ್ನು ರಜಾದಿನವೆಂದು ಅರ್ಥ ಮಾಡಿಕೊಂಡು ಬಿಸಿಲಿನಲ್ಲಿ ಎರಡು ಗಂಟೆ ಕಾದೆ. ಅದರ ಅರ್ಥ ಕೆಲಸದ ದಿನ, ಸೋಮವಾರದಿಂದ ಶನಿವಾರದವರೆಗೆ. ಭಾನುವಾರ ಮತ್ತು ಹಬ್ಬಕ್ಕೆ 'ಫೆಸ್ತಿವೊ'. ಶಾಲೆ ನಡೆಯುವ ದಿನಗಳಲ್ಲಷ್ಟೇ ಓಡುವ 'ಸ್ಕೊಲಾಸ್ತಿಕೊ' ಎಂಬ ಮೂರನೆಯ ಬಗೆಯೂ ಉಂಟು, ಬೇಸಿಗೆ ಪ್ರವಾಸಿಗೆ ಅದು ಇದ್ದೂ ಇಲ್ಲದ ಬಸ್ಸು. ತಪ್ಪು ನನ್ನದೇ, ಆದರೆ ಹಾಸ್ಟೆಲಿನ ಇನ್ನೊಂದು ರಾತ್ರಿಗೆ ತೆತ್ತ 25 ಯೂರೊ ಈಗಲೂ ಉರಿಯುತ್ತದೆ. ಬಸ್ ಟಿಕೆಟ್ ಮಾರುವ ಕಾಫಿ ಅಂಗಡಿ, ತಂಬಾಕಿನ ಅಂಗಡಿಗಳೂ ಅಂದು ಬಾಗಿಲು ಹಾಕಿರಬಹುದೆಂದು ಶನಿವಾರವೇ ಟಿಕೆಟ್ ಕೊಂಡಿಟ್ಟುಕೊಳ್ಳುವುದು ಕ್ಷೇಮ. ರೈಲಿನಲ್ಲಿ ಎಚ್ಚರ ಬೇರೆ ಬಗೆಯದು: ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ಕೊಟ್ಟು ಮುದ್ರೆ ಹಾಕಿಸದಿದ್ದರೆ, ದುಡ್ಡು ಕೊಟ್ಟು ಕೊಂಡಿದ್ದರೂ ದಂಡ ಬೀಳುತ್ತದೆ.

ಬೆಟ್ಟದೂರಿಗೆ ಬಸ್ಸೇ ಸರಿ ಎಂಬ ನನ್ನ ಲೆಕ್ಕವನ್ನು ಕೆಡಿಸಿದ್ದು ಸಿರಾಕೂಸಾದಿಂದ ರಗೂಸಾಕ್ಕೆ ಹೋಗುವ ಪುಟ್ಟ ಡೀಸೆಲ್ ರೈಲು. 1693ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ನೋತೊ, ಮೊದಿಕಾಗಳನ್ನು ದಾಟಿ, ಕಲ್ಲುಗೋಡೆ ಕಟ್ಟಿದ ಹೊಲಗಳ ನಡುವೆ ಅದು ಅವಸರವಿಲ್ಲದೆ ಏರುತ್ತದೆ. ರಗೂಸಾ ಬಳಿ ಬಂದಾಗ ಹಳಿ ಸುರಂಗದೊಳಗೆ ಸುರುಳಿ ಸುತ್ತಿ ಇನ್ನಷ್ಟು ಮೇಲೇರುತ್ತದೆ. ಎದುರು ಸೀಟಿನಲ್ಲಿದ್ದ ಶಾಲಾ ಹುಡುಗ ಮೊಬೈಲಿನಿಂದ ತಲೆಯೆತ್ತಲೇ ಇಲ್ಲ, ನಾನು ಮಾತ್ರ ಒಮ್ಮೆ ಈ ಕಿಟಕಿಗೆ, ಒಮ್ಮೆ ಆ ಕಿಟಕಿಗೆ ಓಡಾಡಿದೆ. ವಾಪಸು ಬರುವಾಗ ಬಸ್ಸು ಹಿಡಿದು ಹೋಲಿಸಬೇಕಿತ್ತು. ಹೋಲಿಸಲಿಲ್ಲ, ಅದೇ ರೈಲಿಗೆ ಟಿಕೆಟ್ ಕೊಂಡೆ.