ಸೇವಾ ಕ್ಲಬ್ಬಿಗೆ ನಿಮ್ಮ ಹೆಸರು ಕೊಡುವ ಮೊದಲು ಅದರ ಪಾವತಿ (ರಸೀದಿ) ಪುಸ್ತಕ ನೋಡಿ

ಗದಗ, ಹುಬ್ಬಳ್ಳಿ, ಹಾವೇರಿ ಕಡೆಯ ಅಂಗಡಿಕಾರರು, ಡಾಕ್ಟರು, ಮಾಸ್ತರು, ಸಣ್ಣ ಉದ್ಯೋಗ ಮಾಡುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಹೆಸರಿನಲ್ಲೇ ‘ಇಂಟರ್‌ನ್ಯಾಷನಲ್’ ಅಂತ ಇಟ್ಟುಕೊಂಡ ಒಂದು ಸೇವಾ ಸಂಸ್ಥೆ ಗದಗಿನಲ್ಲಿ ಶಾಲೆಯೊಂದರ ಕುಡಿಯುವ ನೀರಿನ ಘಟಕಕ್ಕೆ ಅಂತ ಪಟ್ಟಿ ಎತ್ತಿತು. ಮಕ್ಕಳಿಗೆ ನೀರು ಸಿಗಲಿಲ್ಲ. ದುಡ್ಡು ಕೊಟ್ಟವರಿಗೆ ಲೆಕ್ಕ ಸಿಗಲಿಲ್ಲ. ನಾನು ಅದರ ಸದಸ್ಯನಾಗಿದ್ದೆ. ಬಜಾರಿನಲ್ಲಿ ಪಟ್ಟಿ ಹಿಡಿದು ಓಡಾಡಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಬರೆಯುತ್ತಿಲ್ಲ, ದೂರು ಪೊಲೀಸರ ಕೈಯಲ್ಲಿದೆ. ಇಂಥವರು ಹೆಸರು ಬದಲಾಯಿಸಿಕೊಂಡು ಇನ್ನೊಂದು ಊರಲ್ಲಿ ಬೋರ್ಡು ಹಾಕುವುದು ಕಷ್ಟವೇನಲ್ಲ. ಹಾಗಾಗಿ ಹೆಸರಿಗಿಂತ ಅವರು ಕೆಲಸ ಮಾಡುವ ರೀತಿ ಗೊತ್ತಿರಲಿ.

ಸೇವಾ ಕ್ಲಬ್ಬುಗಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಾಕಾ ಹುಬ್ಬಳ್ಳಿಯಲ್ಲಿ ಬಹಳ ವರ್ಷ ರೋಟರಿಯಲ್ಲಿದ್ದವರು. ಪೋಲಿಯೋ ಭಾನುವಾರ ಬಂತೆಂದರೆ ಬೆಳಿಗ್ಗೆಯೇ ರೈಲ್ವೆ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದರು. ರೈಲಿಳಿದು ಬರುವ ಮಕ್ಕಳಿಗೆ ಹನಿ ಹಾಕಿಸಿಯೇ ಮನೆಗೆ ಬರುತ್ತಿದ್ದರು. ರೋಟರಿ ಜಗತ್ತಿನಾದ್ಯಂತ ಪೋಲಿಯೋ ವಿರುದ್ಧದ ಕೆಲಸ ಹಿಡಿದದ್ದು 1985ರಲ್ಲಿ. 2011ರ ಜನವರಿಯಲ್ಲಿ ಹೌರಾದಲ್ಲಿ ಸಿಕ್ಕ ಪ್ರಕರಣವೇ ನಮ್ಮ ದೇಶದಲ್ಲಿ ನೈಸರ್ಗಿಕ ಪೋಲಿಯೋ ವೈರಸ್ಸಿನ ಕೊನೆಯದು. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಬಂತು. ಸರ್ಕಾರ, ಆಶಾ, ಅಂಗನವಾಡಿಯವರ ದುಡಿಮೆಯ ಪಕ್ಕದಲ್ಲಿ ಕಾಕಾನಂಥ ಸಾವಿರಾರು ಜನರ ಭಾನುವಾರಗಳೂ ಅದರಲ್ಲಿವೆ. ಲಯನ್ಸ್‌ನವರ ಕಣ್ಣಿನ ಶಿಬಿರಗಳೂ ಹಾಗೆಯೇ. 1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು ಕುರುಡುತನದ ವಿರುದ್ಧ ನಿಲ್ಲಿ ಅಂತ ಕೇಳಿಕೊಂಡಿದ್ದರು. ಅಂದಿನಿಂದ ಕಣ್ಣಿನ ಕೆಲಸವನ್ನು ಅವರು ಬಿಟ್ಟಿಲ್ಲ. ಇಂಥ ಒಳ್ಳೆಯ ಹೆಸರಿನ ನೆರಳಲ್ಲೇ ಮೋಸಗಾರರು ನಿಲ್ಲುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ.

ನನ್ನದು ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇವೇ ನಮ್ಮ ಕೆಲಸ. ಹೀಗಾಗಿ ಸ್ಟೇಷನ್ ರೋಡಿನಿಂದ ಬೆಟಗೇರಿಯ ನೇಕಾರರ ಓಣಿಯವರೆಗೆ ಪರಿಚಯ ಜಾಸ್ತಿ. ಆ ಸಂಸ್ಥೆಯ ‘ಸಂಸ್ಥಾಪಕ ಅಧ್ಯಕ್ಷರು’ ಮೊದಲು ಬಂದದ್ದು ಲೆಟರ್‌ಹೆಡ್ ಮಾಡಿಸಲು. ಹುಬ್ಬಳ್ಳಿಯಿಂದ ಬರುತ್ತಿದ್ದರು. ಮಾತು ಬಹಳ ಮೆತ್ತಗೆ. ಬಿಲ್ಲಿನ ದುಡ್ಡು ಅವತ್ತೇ ಕೊಟ್ಟರು. ಎರಡನೇ ಸಲ ಬಂದಾಗ ಹೇಳಿದರು:

“ನಿಮ್ಮಂಥವರು ನಮಗ ಬೇಕ್ರೀ ಅಣ್ಣಾರ. ನಿಮ್ಮ ಒಂದು ಫೋನಿಗೆ ಬಜಾರ ಎದ್ದು ನಿಲ್ತೈತಿ.”

ಈ ಮಾತಿನ ಅರ್ಥ ಗಮನಿಸಿ. ಅವರಿಗೆ ನನ್ನ ಸದಸ್ಯತ್ವದ ಶುಲ್ಕ ದೊಡ್ಡದಲ್ಲ. ಅವರಿಗೆ ಬೇಕಾಗಿದ್ದು ನನ್ನ ಪರಿಚಯ. ಅಪ್ಪನ ಕಾಲದಿಂದ ಕಟ್ಟಿಕೊಂಡು ಬಂದ ಹೆಸರನ್ನು ಅವರು ಪುಕ್ಕಟೆ ಬಳಸಿಕೊಂಡರು. ಈ ನೆಟ್‌ವರ್ಕಿಂಗ್‌ನಿಂದ ನಿಮಗೆ ಗಿರಾಕಿ ಸಿಗುತ್ತಾರೆ ಅನ್ನುವವರು, ಅದೇ ದಾರಿಯಲ್ಲಿ ತಮಗೆ ಸಿಗುವವರು ನಿಮ್ಮ ಗಿರಾಕಿಗಳೇ ಅನ್ನುವುದನ್ನು ಹೇಳುವುದಿಲ್ಲ.

ಸಭೆಗಳು ಹೋಟೆಲ್ಲಿನ ಹಾಲಿನಲ್ಲಿ ನಡೆಯುತ್ತಿದ್ದವು. ಮೇಜಿನ ಮೇಲೆ ಗಂಟೆ, ಸುತ್ತಿಗೆ, ಕೋಟಿಗೆ ಬ್ಯಾಡ್ಜು, ಮೊದಲು ಪ್ರಾರ್ಥನೆ, ಆಮೇಲೆ ಪ್ರತಿಜ್ಞೆ. ನೋಡಿದವರಿಗೆ ಹಳೆಯ ಕ್ಲಬ್ಬುಗಳ ಸಭೆಯಂತೆಯೇ ಕಾಣಬೇಕು, ಹಾಗಿತ್ತು. ಎದ್ದು ನಿಂತು ನಮ್ಮ ನಮ್ಮ ಉದ್ಯೋಗ ಹೇಳಿ ಕಾರ್ಡು ಹಂಚುತ್ತಿದ್ದೆವು. ಕಾಲೇಜು ಮುಗಿಸಿದ ಹುಡುಗರಿಗೆ ಲೀಡರ್‌ಶಿಪ್ ತರಬೇತಿ ಅಂತ ಬೇರೆ ಗುಂಪು. ಒಬ್ಬ ಹುಡುಗ ರೀಜನಲ್ ಡೈರೆಕ್ಟರ್ ಆದ, ಇನ್ನೊಬ್ಬಳು ಝೋನ್ ಚೇರ್‌ಪರ್ಸನ್ ಆದಳು. ಒಂದೊಂದು ಹುದ್ದೆಗೆ ಒಂದೊಂದು ರೇಟು ಇತ್ತು. ಇದು ನನಗೆ ತಿಳಿದದ್ದು ಅವರ ತಂದೆ ತಾಯಿ ಪ್ರೆಸ್ಸಿಗೆ ಬಂದು ಕೇಳಿದಾಗ. ಮಗಳಿಗೆ ಕೆಲಸ ಸಿಗಲು ಅನುಕೂಲ ಆಗುತ್ತದೆ ಅಂತ ಬಂಗಾರ ಅಡ ಇಟ್ಟು ಕೊಟ್ಟ ದುಡ್ಡು ಅದು. ನಿಜವಾದ ಕ್ಲಬ್ಬುಗಳಲ್ಲೂ ವರ್ಷದ ಶುಲ್ಕ ಇರುತ್ತದೆ. ಆದರೆ ಹುದ್ದೆಗೆ ಬೆಲೆ ಇರುವುದಿಲ್ಲ, ಸದಸ್ಯರು ಆರಿಸುತ್ತಾರೆ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ರೋಟರಿ, ಲಯನ್ಸ್ ಎರಡರಲ್ಲೂ ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ. ಜೂನ್, ಜುಲೈ ಬಂತೆಂದರೆ ಪದಗ್ರಹಣದ ಆಮಂತ್ರಣ ಪತ್ರಿಕೆ ಪ್ರಿಂಟ್ ಮಾಡಿ ಮಾಡಿ ನಮಗೆ ಗೊತ್ತು. ಹಳೆಯ ಅಧ್ಯಕ್ಷರು ಕೊರಳಪಟ್ಟಿ ತೆಗೆದು ಹೊಸಬರಿಗೆ ಹಾಕುತ್ತಾರೆ. ಅದರ ಜೊತೆ ಲೆಕ್ಕದ ಪುಸ್ತಕವೂ ಹೊಸಬರ ಕೈಗೆ ಹೋಗುತ್ತದೆ. ಆಗ ಹಿಂದಿನವರು ಏನು ಮಾಡಿದರು ಅಂತ ಮುಂದಿನವರು ನೋಡಲೇಬೇಕು. ಇಲ್ಲಿ ಹಾಗಲ್ಲ. ಒಬ್ಬರೇ ಸಂಸ್ಥಾಪಕರು, ಒಬ್ಬರೇ ಅಧ್ಯಕ್ಷರು, ಅದೂ ಆಜೀವ. ಖಜಾಂಚಿ ಅಂತ ಇದ್ದವರು ಅವರ ಭಾಮೈದ.

ಇನ್ನು ನೀರಿನ ಯೋಜನೆಯ ವಿಷಯ. ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ನಮ್ಮ ಜಿಲ್ಲೆಯವರಿಗೆ ಹೊಸ ಸುದ್ದಿಯಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಬಹಳ ವರ್ಷ ಕುಡಿದರೆ ಮೂಳೆ, ಕೀಲಿಗೂ ತೊಂದರೆ. ಆ ಕಡೆಯ ಒಂದು ಸರ್ಕಾರಿ ಶಾಲೆಗೆ ಶುದ್ಧ ನೀರಿನ ಘಟಕ ಹಾಕಿಸೋಣ ಅಂದಾಗ ಯಾರು ಬೇಡ ಅನ್ನುತ್ತಾರೆ? ಅಧ್ಯಕ್ಷರು ಇನ್ನೊಂದು ಆಸೆಯನ್ನೂ ತೋರಿಸಿದರು. ನಾವು ಒಂದು ರೂಪಾಯಿ ಕೂಡಿಸಿದರೆ ವಿದೇಶದ ಕ್ಲಬ್ಬು ಮೂರು ರೂಪಾಯಿ ಹಾಕುತ್ತದೆ, ಆದರೆ ನಮ್ಮ ಪಾಲು ಮೊದಲು ಜಮಾ ಆಗಬೇಕು ಅಂದರು.

ನಾವು ಬಜಾರಿಗೆ ಇಳಿದೆವು. ಕಿರಾಣಿ ಅಂಗಡಿ, ಅಡತಿ ಅಂಗಡಿ, ಮೆಡಿಕಲ್ ಶಾಪು, ಬೆಟಗೇರಿಯ ಸೀರೆ ವ್ಯಾಪಾರಿಗಳು. ಯಾರೂ ಬರಿಗೈಲಿ ಕಳಿಸಲಿಲ್ಲ. ಉದ್ಘಾಟನೆಯೂ ಆಯಿತು. ಹಸಿರು ತೋರಣ, ಫ್ಲೆಕ್ಸು, ಲೇಜಿಮ್ ಆಡುವ ಹುಡುಗಿಯರು. ಗೋಡೆಗೆ ಹೊಂದಿಸಿ ಒಂದು ಯಂತ್ರ ಇಟ್ಟಿದ್ದರು. ರಿಬ್ಬನ್ ಕತ್ತರಿಸಿದರು, ಮಕ್ಕಳು ಲೋಟ ಹಿಡಿದು ನಿಂತರು, ಫೋಟೋ ತೆಗೆದರು. ಆ ವಾರವೇ ಒಂದು ಗೂಡ್ಸ್ ಗಾಡಿ ಬಂದು, ಸ್ಟೆಬಿಲೈಸರ್ ಕೂಡಿಸಬೇಕು ಅಂತ ಹೇಳಿ ಯಂತ್ರವನ್ನು ಹೊತ್ತುಕೊಂಡು ಹೋಯಿತು. ಹೆಡ್‌ಮಾಸ್ತರು ತಿಂಗಳುಗಟ್ಟಲೆ ಫೋನ್ ಮಾಡಿದರು. ಗೋಡೆಯ ಮೇಲೆ ಉಳಿದದ್ದು ದಾನಿಗಳ ಹೆಸರಿನ ಕಲ್ಲು ಮಾತ್ರ.

ನನಗೆ ನಿಜ ತಿಳಿದದ್ದು ಒಂದು ಪಾವತಿಯಿಂದ. ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರು, ನಮ್ಮ ಅಪ್ಪನ ಗೆಳೆಯರು, ಆದಾಯ ತೆರಿಗೆ ವಿನಾಯಿತಿಗೆ ಬೇಕಾದ ಕಾಗದ ಕೇಳಲು ಬಂದರು. ಅವರ ಕೈಲಿದ್ದ ಪಾವತಿಯ ನಂಬರು 412. ನನ್ನ ಎದೆ ಧಸಕ್ ಅಂತು. ಆ ಪಾವತಿ ಪುಸ್ತಕಗಳನ್ನು ಪ್ರಿಂಟ್ ಮಾಡಿದ್ದು ನಮ್ಮ ಪ್ರೆಸ್ಸಿನಲ್ಲೇ, ಒಂದರಿಂದ 500ರವರೆಗೆ. ಅದರಲ್ಲಿ 400ರ ಮೇಲಿನವು ಇನ್ನೂ ನಮ್ಮ ಕಪಾಟಿನಲ್ಲೇ ಇದ್ದವು. ಅವರು ಒಯ್ದೇ ಇರಲಿಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ನಮ್ಮ ನಂಬರಿಂಗ್ ಮಷಿನ್ನಿನ ನಾಲ್ಕರ ಕಾಲು ಸವೆದಿದೆ, ಒತ್ತಿದಾಗ ತುಸು ಮೊಂಡಾಗಿ ಬರುತ್ತದೆ. ಇವರ ಪಾವತಿಯ ನಾಲ್ಕು ಚೂಪಾಗಿತ್ತು. ನಮ್ಮದು ತೆಳು ಹಳದಿ ಕಾಗದ, ಇದು ಬಿಳಿ. ಬೇರೆ ಎಲ್ಲೋ ಇನ್ನೊಂದು ಜೋಡಿ ಪುಸ್ತಕ ಮಾಡಿಸಿ, ನಮಗೆ ತೋರಿಸದೆ ಅದರಲ್ಲಿ ದುಡ್ಡು ಎತ್ತಿದ್ದರು. ಲೆಕ್ಕಕ್ಕೆ ಒಂದು ಪುಸ್ತಕ, ಜೇಬಿಗೆ ಒಂದು ಪುಸ್ತಕ. ಆ ಹಿರಿಯರು ಸಿಟ್ಟಾಗಲಿಲ್ಲ. ಹೇಳಿದ್ದು ಇಷ್ಟೇ:

“ತಮ್ಮಾ, ನಾವು ಸಂಸ್ಥಾ ನೋಡಿ ಕೊಟ್ಟಿಲ್ಲಪಾ. ನಿನ್ನ ಮಾರಿ ನೋಡಿ ಕೊಟ್ಟೀವಿ.”

ಮುಂದಿನ ಸಭೆಯಲ್ಲಿ ಎದ್ದು ಲೆಕ್ಕ ಕೇಳಿದೆ. ‘ಸೇವೆಯಲ್ಲಿ ನಂಬಿಕೆ ಮುಖ್ಯ, ನಮ್ಮ ಮೇಲೆ ಅನುಮಾನಾನಾ?’ ಅಂದರು. ಕೆಲವರು ಅವರಿಗೇ ಚಪ್ಪಾಳೆ ತಟ್ಟಿದರು. ಇದು ಗದಗಿನಲ್ಲಿ ನಡೆಯಿತಲ್ಲ ಅನ್ನುವುದು ಇನ್ನೂ ನೋವು. ನಮ್ಮ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ರೈತರು ದುಡ್ಡು ಕೂಡಿಸಿದರು, ತಾವೇ ಲೆಕ್ಕ ನೋಡಿಕೊಂಡರು. ಅದೇ 1905ರ ಫೆಬ್ರವರಿಯಲ್ಲಿ ಚಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರನ್ನು ಕೂಡಿಸಿ ರೋಟರಿ ಶುರು ಮಾಡಿದ್ದು. ಎರಡೂ ಕಡೆ ಪರಿಚಯದವರೇ ಸೇರಿದ್ದರು. ಪರಿಚಯ ಇದೆ ಅಂತ ಲೆಕ್ಕ ಬಿಡಲಿಲ್ಲ, ಅದಕ್ಕೇ ಆ ಕೆಲಸಗಳು ಬೆಳೆದವು. ಲೆಕ್ಕ ಕೇಳುವುದು ಅನುಮಾನ ಅಲ್ಲ. ಕೊಟ್ಟವರಿಗೆ ನಾವು ಕೊಡಬೇಕಾದ ಮರ್ಯಾದೆ ಅದು.

ಆಮೇಲೆ ಹುಬ್ಬಳ್ಳಿಗೆ ಹೋಗಿ ಕಾಕಾನ ಮುಂದೆ ಎಲ್ಲ ಹೇಳಿದೆ. ವಿದೇಶದ ಮೂರು ರೂಪಾಯಿಯ ಮಾತು ಕೇಳಿದ ಕೂಡಲೇ ಅವರು ತಲೆ ಅಲ್ಲಾಡಿಸಿದರು. ರೋಟರಿಯ ಫೌಂಡೇಷನ್ ನಿಜವಾಗಿ ಗ್ರಾಂಟ್ ಕೊಡುತ್ತದೆ. ಆದರೆ ದೊಡ್ಡ ಗ್ಲೋಬಲ್ ಗ್ರಾಂಟಿಗೆ ಯೋಜನೆಯ ಬಜೆಟ್ ಕನಿಷ್ಠ 30,000 ಡಾಲರ್ ಇರಬೇಕು, ನಮ್ಮ ದುಡ್ಡಿನಲ್ಲಿ 25 ಲಕ್ಷ ದಾಟುತ್ತದೆ. ಎರಡು ದೇಶಗಳ ಕ್ಲಬ್ಬುಗಳು ಸೇರಿ ಅರ್ಜಿ ಹಾಕಬೇಕು. ಯೋಜನೆಗೇ ಬೇರೆ ಬ್ಯಾಂಕ್ ಖಾತೆ ಬೇಕು, ಒಬ್ಬರ ಸಹಿಯಿಂದ ದುಡ್ಡು ಹೊರಗೆ ಬರುವ ಹಾಗಿಲ್ಲ. ಅದಲ್ಲದೆ ವಿದೇಶಿ ದೇಣಿಗೆಗೆ ನಮ್ಮ ದೇಶದಲ್ಲಿ ಎಫ್‌ಸಿಆರ್‌ಎ ಕಾನೂನು ಇದೆ. ಆ ನೋಂದಣಿ ಇದ್ದ ಸಂಸ್ಥೆಗೂ ದುಡ್ಡು ಮೊದಲು ಬರುವುದು ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ ಮಾತ್ರ. ಒಬ್ಬರ ಫೋನ್ ನಂಬರಿನ ಯುಪಿಐಗೆ ನಮ್ಮ ಪಾಲು ಹಾಕಿಸಿಕೊಂಡು ಆಮೇಲೆ ಡಾಲರ್ ತರಿಸುವ ದಾರಿ ಎಲ್ಲೂ ಇಲ್ಲ.

ಕಾಕಾ ಇನ್ನೊಂದು ವಿಷಯ ಹೇಳಿದರು. ಇದನ್ನು ಯಾವ ಕ್ಲಬ್ಬಿನವರಾದರೂ ನೆನಪಿಡಿ. ಸದಸ್ಯರ ಶುಲ್ಕ ಬೇರೆ, ಜನರಿಂದ ಎತ್ತಿದ ದುಡ್ಡು ಬೇರೆ. ಲಯನ್ಸ್‌ನಲ್ಲಿ ಇದು ನಿಯಮವೇ ಆಗಿದೆ. ಆಡಳಿತಕ್ಕೆ ಒಂದು ಖಾತೆ, ಸೇವಾ ಕೆಲಸಕ್ಕೆ ಇನ್ನೊಂದು. ಜನ ಕೊಟ್ಟದ್ದರಲ್ಲಿ ಸಭೆಯ ಊಟವನ್ನೂ ಮಾಡುವಂತಿಲ್ಲ. ನಮ್ಮಲ್ಲಿ ಎಲ್ಲ ಒಂದೇ ಖಾತೆಗೆ ಹೋಗುತ್ತಿತ್ತು. ಆ ಖಾತೆಯೂ ಅಧ್ಯಕ್ಷರ ಸ್ವಂತ ಹೆಸರಿನದು ಅಂತ ಬ್ಯಾಂಕಿನ ಸ್ಲಿಪ್ಪಿನಿಂದ ಗೊತ್ತಾಯಿತು.

ಲೆಟರ್‌ಹೆಡ್ಡಿನ ಮೇಲೆ ನೋಂದಣಿ ಸಂಖ್ಯೆ ಇತ್ತು. ನಮ್ಮ ರಾಜ್ಯದಲ್ಲಿ ಸಂಘಗಳ ನೋಂದಣಿ 1960ರ ಕಾಯ್ದೆಯ ಪ್ರಕಾರ ಆಗುತ್ತದೆ, ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ದಾಖಲೆ ಇರುತ್ತದೆ. ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಅಲ್ಲಿ ಸಲ್ಲಿಸಬೇಕು. ಹೋಗಿ ವಿಚಾರಿಸಿದೆ. ಆ ನಂಬರಿನಲ್ಲಿ ಬೇರೆಯದೇ ಸಂಘ ಇತ್ತು, ಅದಕ್ಕೂ ಇವರಿಗೂ ಸಂಬಂಧ ಇಲ್ಲ. ಇಷ್ಟನ್ನು ತಿಳಿಯಲು ಒಂದು ಮಧ್ಯಾಹ್ನ ಸಾಕು. ರೋಟರಿ, ಲಯನ್ಸ್, ಜೇಸಿ ಅಂತ ಹೇಳಿಕೊಂಡು ಬಂದವರಾದರೆ ಇನ್ನೂ ಸುಲಭ. ಆ ಸಂಸ್ಥೆಗಳ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ಕ್ಲಬ್ಬು ಇದೆಯೋ ಇಲ್ಲವೋ ಕಾಣುತ್ತದೆ.

ತೆರಿಗೆ ವಿನಾಯಿತಿಯ ಮಾತು ಅಂಗಡಿಕಾರರಿಗೆ ಬೇಕಾದ್ದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾವತಿಯ ಮೇಲೆ ‘80ಜಿ’ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ದೇಣಿಗೆಯ ವಿನಾಯಿತಿಯ ಕಲಮು) ಅಂತ ಅಚ್ಚು ಹಾಕಿದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಅಚ್ಚು ಹಾಕಿದವನಾಗಿ ಹೇಳುತ್ತಿದ್ದೇನೆ, ಗಿರಾಕಿ ಕೊಟ್ಟ ಅಕ್ಷರವನ್ನು ಪ್ರೆಸ್ಸಿನವರು ಹಾಕಿಕೊಡುತ್ತಾರೆ, ಅಷ್ಟೇ. ಅನುಮತಿ ಇರುವ ಸಂಸ್ಥೆ ತನ್ನ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಆಮೇಲೆ ಇಲಾಖೆಯ ಜಾಲತಾಣದಿಂದಲೇ ನಿಮ್ಮ ಹೆಸರು, ಪ್ಯಾನ್ ನಂಬರು ಇರುವ ಪ್ರಮಾಣಪತ್ರ ತೆಗೆದು ಕೊಡಬೇಕು. ಅದನ್ನು ಕೇಳಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಹೇಗೂ ಇಲ್ಲ. ಆದ್ದರಿಂದ ದೊಡ್ಡ ಮೊತ್ತವನ್ನು ‘ಕ್ಯಾಶ್ ಕೊಡ್ರಿ, 80ಜಿ ಮಾಡಿಸ್ತೀವಿ’ ಅನ್ನುವವರ ಮಾತು ಅಲ್ಲಿಗೇ ನಿಲ್ಲಲಿ.

ನಾವು ಕೆಲವು ಸದಸ್ಯರು ಸೇರಿ ದೂರು ಕೊಟ್ಟಿದ್ದೇವೆ. ಮೊದಲು 420 ಅನ್ನುತ್ತಿದ್ದ ವಂಚನೆಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 318 ಆಗಿದೆ. ಅಧ್ಯಕ್ಷರ ಫೋನು ಬಂದ್ ಇದೆ. ಹುದ್ದೆಗೆ ದುಡ್ಡು ಕೊಟ್ಟ ಹುಡುಗರು ಮಾತ್ರ ಹೆಸರು ಹೊರಬರುತ್ತದೆ ಅಂತ ಹಿಂಜರಿಯುತ್ತಿದ್ದಾರೆ. ಅವರಿಗೆ ನನ್ನ ವಿನಂತಿ: ತಂದೆ ತಾಯಿಯನ್ನು ಕರೆದುಕೊಂಡು ಬನ್ನಿ, ನಾವೂ ಜೊತೆಗೆ ಠಾಣೆಗೆ ಬರುತ್ತೇವೆ. ಶಾಲೆಯವರಿಗೆ ನೀರಿಗಾಗಿ ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟಿದ್ದೇವೆ. ಹುಬ್ಬಳ್ಳಿಯ ಕಾಕಾನ ಹಳೆಯ ಗೆಳೆಯರೂ ಬಂದು ಬೋರಿನ ನೀರಿನ ಮಾದರಿ ಒಯ್ದಿದ್ದಾರೆ.

ಗದಗ-ಬೆಟಗೇರಿಯಲ್ಲಿ ಶಾಲೆಯ ನೀರಿನ ಘಟಕಕ್ಕೆ ಅಂತ ದುಡ್ಡು ಕೊಟ್ಟವರು ಮನೆಯಲ್ಲಿ, ಗಲ್ಲಾದಲ್ಲಿ ಒಮ್ಮೆ ಹುಡುಕಿ. ಬಿಳಿ ಕಾಗದದ ಪಾವತಿ ಇದ್ದರೆ, ಅಥವಾ ನಂಬರು 400 ದಾಟಿದ್ದರೆ, ಅದು ಎರಡನೇ ಪುಸ್ತಕದ್ದು. ಹರಿದು ಎಸೆಯಬೇಡಿ. ಎರಡೂ ಬದಿಯ ಫೋಟೋ ತೆಗೆದಿಡಿ, ಯಾರ ಕೈಗೆ ಯಾವಾಗ ಕೊಟ್ಟಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ, ಯುಪಿಐಯಲ್ಲಿ ಕೊಟ್ಟಿದ್ದರೆ ಅದರ ಸ್ಕ್ರೀನ್‌ಶಾಟ್ ಸೇರಿಸಿ ಠಾಣೆಗೆ ಝೆರಾಕ್ಸ್ ಕೊಡಿ. ಮೂಲ ಪಾವತಿ ನಿಮ್ಮ ಹತ್ತಿರವೇ ಇರಲಿ. ಮೊತ್ತ ಸಣ್ಣದು ಅಂತ ಬಿಡಬೇಡಿ, ಆ ಎರಡನೇ ಪುಸ್ತಕದಲ್ಲಿ ಒಟ್ಟು ಎಷ್ಟು ಹಾಳೆ ಹರಿದಿವೆ ಅನ್ನುವುದು ನಿಮ್ಮ ಪಾವತಿಗಳಿಂದಲೇ ಗೊತ್ತಾಗಬೇಕು.