ಚೇಳಿಗೆ ಔಷಧಿ ಹೊಡೆಸಿದ ಕಥೆ: ವರ್ಷದ ಪೆಸ್ಟ್ ಕಂಟ್ರೋಲ್ ಒಪ್ಪಂದಕ್ಕೆ ನನ್ನ 3 ಸ್ಟಾರ್

ಕಂಪನಿಗೆ 3 ಸ್ಟಾರ್. ಎರಡನೇ ಸಲ ಬಂದ ಕೆಲಸಗಾರರೊಬ್ಬರಿಗೇ ಕೊಡಿ ಅಂದಿದ್ದರೆ ಕಣ್ಣುಮುಚ್ಚಿ 5 ಕೊಡುತ್ತಿದ್ದೆ. ಕಂಪನಿ ಹೆಸರು ಬರೆಯುವುದಿಲ್ಲ. ಅವರ ಜೊತೆ ಮಾತುಕತೆ ಇನ್ನೂ ಮುಗಿದಿಲ್ಲ.

ನಮ್ಮದು ನೆಲಮಹಡಿ. ಪಕ್ಕದಲ್ಲಿ ಖಾಲಿ ಸೈಟು, ಅದರಾಚೆ ತೆರೆದ ಚರಂಡಿ. ಮಳೆ ಶುರುವಾದ ವಾರ, ರಾತ್ರಿ ಬಚ್ಚಲಿಗೆ ಹೋದರೆ ಜಾಲಿಯ ಪಕ್ಕದಲ್ಲೇ ಚೇಳು! ಬಾಲ ಎತ್ತಿಕೊಂಡು ನಿಂತಿತ್ತು. ಅದರ ಮೇಲೆ ಬಕೆಟ್ ಕವುಚಿ, ಬಕೆಟ್ ಮೇಲೆ ಕಲ್ಲು ಹೇರಿ, ಬೆಳಕು ಹರಿಯುವುದನ್ನೇ ಕಾದು ಫೋನ್ ಮಾಡಿದೆ.

ಮೊದಲು ಬಂದವರು ಇಬ್ಬರು ಹುಡುಗರು. ಬೆನ್ನಿಗೆ ಟ್ಯಾಂಕು, ಬಾಯಿಗೆ ಮಾಸ್ಕು. ಅಂಗಳ, ಬಚ್ಚಲು, ಮೋರಿ ಬಾಯಿ ಎಲ್ಲಾ ಕಡೆ ಸುಯ್ಯಂತ ಹೊಡೆದು ಅರ್ಧ ಗಂಟೆಯಲ್ಲಿ ಮುಗಿಸಿದರು. "ಇನ್ನೊಂದು ವರ್ಷ ಆರಾಮಾಗಿರಿ ಆಂಟಿ" ಎಂದರು. ಅವತ್ತು ರಾತ್ರಿಯೇ ಮೂರು ಚೇಳು ಒಳಗೆ ಬಂದವು. ಒಂದು ಹಾಲ್‌ನ ಪರದೆಯ ಕೆಳಗೆ, ಒಂದು ಗೋಡೆ ಮೇಲೆ, ಇನ್ನೊಂದು ನನ್ನ ಚಪ್ಪಲಿಯೊಳಗೆ. ನಮ್ಮನೆಯವರು ಕುರ್ಚಿ ಮೇಲೆ ಹತ್ತಿ ನಿಂತು ನನಗೆ ದಾರಿ ಹೇಳುತ್ತಿದ್ದರು, ಅದು ಬೇರೆ ಕಥೆ. ಕಂಪನಿಗೆ ಫೋನ್ ಮಾಡಿದರೆ "ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ ಮೇಡಂ" ಅಂದರು.

ಆಮೇಲೆ ನಾನೇ ಓದಿಕೊಂಡೆ. ಬ್ರೆಜಿಲ್‌ನ ನಗರಗಳಲ್ಲಿ ಚೇಳು ದೊಡ್ಡ ತಲೆನೋವು. ಅಲ್ಲಿ ವರ್ಷಕ್ಕೆ 1 ಲಕ್ಷಕ್ಕೂ ಜಾಸ್ತಿ ಜನಕ್ಕೆ ಚೇಳು ಕುಟುಕಿದ್ದು ದಾಖಲಾಗುತ್ತದೆ. ಅಲ್ಲಿನ ಹಳದಿ ಚೇಳಿಗೆ ಮರಿ ಹಾಕಲು ಗಂಡೇ ಬೇಕಿಲ್ಲವಂತೆ. ಒಂದೇ ಒಂದು ಹೆಣ್ಣು ಮೋರಿಗೆ ಇಳಿದರೂ ಸಾಕು. ಅಷ್ಟಾದರೂ ಅಲ್ಲಿನ ಆರೋಗ್ಯ ಸಚಿವಾಲಯ ಚೇಳಿಗೆ ವಿಷ ಸಿಂಪಡಿಸಬೇಡಿ ಎನ್ನುತ್ತದೆ. ಸಂದಿಯಲ್ಲಿ ತೆಪ್ಪಗಿದ್ದ ಚೇಳು ಆ ಘಾಟಿಗೆ ಕೆರಳಿ ಹೊರಗೆ ಬರುತ್ತದೆ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ ಅಲ್ವಾ?

ನಾನು ಜಗಳ ಮಾಡಿದ ಮೇಲೆ ಬಂದವರು ಐವತ್ತರ ಆಸುಪಾಸಿನ ಒಬ್ಬರು. ಟ್ಯಾಂಕು ತಂದಿರಲಿಲ್ಲ. "ಕತ್ತಲಾದ ಮೇಲೆ ನೋಡೋಣ ಅಮ್ಮ" ಎಂದರು. ರಾತ್ರಿ ಎಂಟಕ್ಕೆ ಬಂದು, ಅಂಗಳದ ಲೈಟ್ ಆರಿಸಿ, ನೇರಳೆ ಬೆಳಕಿನ ಟಾರ್ಚನ್ನು ಕಾಂಪೌಂಡ್ ಗೋಡೆಗೆ ಹಿಡಿದರು. ಗೋಡೆಯ ಬಿರುಕಿನಲ್ಲಿ, ಪೇರಿಸಿಟ್ಟ ಹಳೇ ಇಟ್ಟಿಗೆಯ ಸಂದಿಯಲ್ಲಿ ಹಸಿರು ಹಸಿರಾಗಿ ಹೊಳೆಯುತ್ತಿದ್ದವು! ಚೇಳಿನ ಚಿಪ್ಪು ಆ ಬೆಳಕಿಗೆ ಹಾಗೆ ಮಿನುಗುತ್ತದೆ. ಈಗಷ್ಟೇ ಪೊರೆ ಬಿಟ್ಟದ್ದು ಮಾತ್ರ ಹೊಳೆಯುವುದಿಲ್ಲ. ಹನ್ನೊಂದು ಎಣಿಸಿದೆವು. ಉದ್ದನೆ ಚಿಮಟದಲ್ಲಿ ಒಂದೊಂದೇ ಹಿಡಿದು ಡಬ್ಬಿಗೆ ಹಾಕಿಕೊಂಡರು. ಒಂದರ ಬಾಯಲ್ಲಿ ಅರ್ಧ ತಿಂದ ಜಿರಳೆ ಇತ್ತು. "ನೋಡಿ, ಊಟ ಇರೋ ಕಡೆ ಇದು ಇರುತ್ತೆ" ಎಂದರು. ಇಟ್ಟಿಗೆ ರಾಶಿ ನಮ್ಮದೇ. ಮೂರು ವರ್ಷದಿಂದ 'ಬೇಕಾಗುತ್ತೆ' ಅಂತ ಇಟ್ಟಿದ್ದು.

ಅವರು ಮಾಡಿದ ಕೆಲಸವೆಲ್ಲ ಜಿರಳೆಗೇ. ಅಡುಗೆಮನೆ ಕಪಾಟಿನ ಹಿಂದೆ ಜೆಲ್ ಚುಕ್ಕಿ ಇಟ್ಟರು, ಬಚ್ಚಲ ಜಾಲಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದರು, ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಹೊಡೆದರು.

ಇಲಿ ವಿಷಯದಲ್ಲೂ ಅವರ ಲೆಕ್ಕ ಬೇರೆ. ಗೋಡೆ ಬುಡದಲ್ಲಿ ಜಿಡ್ಡು ಜಿಡ್ಡಾದ ಕಪ್ಪು ಗೆರೆ ತೋರಿಸಿದರು. ಇಲಿ ದಿನಾ ಅದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಓಡಾಡುವ ಗುರುತು ಅದು. ಕಂಡ ಬಿಲಕ್ಕೆಲ್ಲ ಪೇಪರ್ ಉಂಡೆ ತುರುಕಿ, ಮಾರನೇ ದಿನ ಯಾವುದು ಹೊರಗೆ ಬಿದ್ದಿದೆ ಅಂತ ನೋಡಿದರು. ಒಂಬತ್ತರಲ್ಲಿ ನಾಲ್ಕಕ್ಕೆ ಮಾತ್ರ ಓಡಾಟವಿತ್ತು. ನಾನು ವಿಷ ಇಡಿ ಎಂದೆ. ಅವರು ಒಪ್ಪಲಿಲ್ಲ. ವಿಷ ತಿಂದ ಇಲಿ ನಾಲ್ಕೈದು ದಿನ ಬಿಟ್ಟು ಗೋಡೆ ಸಂದಿಯಲ್ಲಿ ಸತ್ತು ನಾರುತ್ತದೆ. ಅದರ ಮೈಮೇಲಿನ ಚಿಗಟಗಳು ಬಿಸಿ ಮೈ ಹುಡುಕಿಕೊಂಡು ನಮ್ಮ ಕಡೆಗೆ ಬರುತ್ತವೆ. ಅದಕ್ಕೇ ಮೊದಲು ಚಿಗಟ ಸಾಯಿಸಬೇಕು, ಆಮೇಲೆ ಇಲಿ ಎಂದರು. ಬೋನು ಇಟ್ಟರು. ಮನೆ ಗೋಡೆಯ ತೂತುಗಳಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುಂಬಿ ಸಿಮೆಂಟ್ ಮೆತ್ತಿದರು. ಇಲಿ ಕಡಿಮೆಯಾದರೆ ಅದನ್ನು ಹುಡುಕಿಕೊಂಡು ಬರುವ ಹಾವೂ ಕಡಿಮೆ ಎಂದರು. ಹಾವು ಅಂದ ತಕ್ಷಣ ನಮ್ಮನೆಯವರು ಮತ್ತೆ ಕುರ್ಚಿ ಕಡೆ ನೋಡಿದರು.

ಇಷ್ಟಾದ ಮೇಲೂ 3 ಸ್ಟಾರ್ ಯಾಕೆ?

ಒಪ್ಪಂದದಲ್ಲಿ 'ಕಾಂಪೌಂಡ್ ಒಳಗೆ ಮಾತ್ರ' ಅಂತ ಬರೆದಿದೆ. ಕಾಂಪೌಂಡ್ ಆಚೆ ಖಾಲಿ ಸೈಟಿನಲ್ಲಿ ಒಡೆದ ಮನೆಗಳ ಕಲ್ಲುಮಣ್ಣು, ಅದರ ಮೇಲೆ ಇಡೀ ಬೀದಿಯ ಕಸ. ಕಸದ ಗಾಡಿ ಹಿಂದಿನ ಓಣಿಗೆ ತಿರುಗುವುದಿಲ್ಲ, ಅಲ್ಲಿಯವರು ಇನ್ನೆಲ್ಲಿ ಹಾಕಬೇಕು? ಚರಂಡಿ ದಂಡೆಯಲ್ಲಿ ತಗಡಿನ ಶೆಡ್‌ಗಳಿವೆ, ಕಟ್ಟಡ ಕೆಲಸದವರು ಇದ್ದಾರೆ. ಜೋರು ಮಳೆಗೆ ಚರಂಡಿ ನೀರು ಅವರ ಮೊಣಕಾಲವರೆಗೆ ಬರುತ್ತದೆ. ಕಾಲಲ್ಲಿ ಗಾಯವಿದ್ದು ಆ ನೀರಲ್ಲಿ ಇಲಿ ಉಚ್ಚೆ ಸೇರಿದ್ದರೆ ಇಲಿಜ್ವರ ಬರಬಹುದು. ಬೂಟು ಹಾಕಿಕೊಳ್ಳಿ ಅಂತ ಹೇಳುವುದು ಸುಲಭ. ಅಲ್ಲಿ ಚಪ್ಪಲಿ ಇದ್ದವರೇ ಕಡಿಮೆ.

ಆ ಹುಡುಗರು ಔಷಧಿ ಹೊಡೆದು ಎಂಟು ದಿನಕ್ಕೆ, ಶೆಡ್‌ನ ಒಂದು ಹುಡುಗಿ ಒಲೆಗೆಂದು ಇಟ್ಟಿಗೆ ಎತ್ತುವಾಗ ಚೇಳು ಕುಟುಕಿತು. ಆರು ವರ್ಷದ ಮಗು. ಚಿಕ್ಕ ಮಕ್ಕಳಿಗೆ ಚೇಳಿನ ವಿಷ ಹೃದಯಕ್ಕೆ, ಶ್ವಾಸಕೋಶಕ್ಕೆ ಬೇಗ ತಟ್ಟುತ್ತದೆ. ಪುಣ್ಯಕ್ಕೆ ಅವರಪ್ಪ ಯಾವ ನಾಟಿ ಮದ್ದಿಗೂ ಕಾಯದೆ ನೇರ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಎರಡು ರಾತ್ರಿ ಇಟ್ಟುಕೊಂಡು ಕಳಿಸಿದರು. ಅದು ನಮ್ಮ ಅಂಗಳದಿಂದ ಓಡಿಹೋದ ಚೇಳೇ ಅಂತ ಯಾರೂ ಹೇಳಲಾರರು. ಅಲ್ಲ ಅಂತಲೂ ಹೇಳಲಾರರು. ನಾನಂತೂ ಆ ಮಗುವನ್ನು ನೋಡಲು ಹೋದಾಗ ಔಷಧಿ ಹೊಡೆಸಿದ ವಿಷಯ ಬಾಯಿಬಿಡಲಿಲ್ಲ.

ನಮ್ಮ ಮನೆಯೊಳಗೆ ಏಳು ತಿಂಗಳಿಂದ ಒಂದು ಚೇಳೂ ಇಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ನೀವೂ ಇಂಥ ಒಪ್ಪಂದ ಮಾಡಿಸುವುದಾದರೆ, ಮೊದಲ ದಿನ ಟ್ಯಾಂಕು ಬೇಡ, ರಾತ್ರಿ ಟಾರ್ಚ್ ಹಿಡಿದು ಬರುವವರನ್ನು ಕಳಿಸಿ ಅಂತ ಕೇಳಿ.

ಮುಂದಿನ ತಿಂಗಳು ಒಪ್ಪಂದ ಮುಗಿಯುತ್ತದೆ. ಈ ಸಲ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿದ್ದೇವೆ. ಖಾಲಿ ಸೈಟು, ಶೆಡ್‌ಗಳ ಸುತ್ತ ಎಲ್ಲಾ ಸೇರಿಸಿ ಒಂದೇ ಒಪ್ಪಂದ ಮಾಡಿ, ಬರುವುದು ಮಾತ್ರ ಆ ಟಾರ್ಚಿನವರೇ ಆಗಬೇಕು ಎಂದಿದ್ದೇವೆ. ಆಫೀಸಿನಲ್ಲಿ ಕೇಳಿ ಹೇಳುತ್ತೇವೆ ಅಂದಿದ್ದಾರೆ. ಎರಡು ವಾರವಾಯಿತು.